ಚಿತ್ರ ಬರೆದವರು ಯಾರು, ಕೊಯ್ದವರು ಯಾರು?

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯ ಕಡೆ ಗೂಡುದೀಪ ಸ್ಪರ್ಧೆಗಳ ಪ್ರಕಟಣೆ ನಿಮ್ಮ ಪುಟಗಳಲ್ಲಿ ಕಾಣಿಸತೊಡಗುತ್ತದೆ. ಬಿದಿರು ಕಡ್ಡಿ, ಬಣ್ಣದ ಕಾಗದದ ಗೂಡುದೀಪಗಳ ಸಾಲಿನಲ್ಲಿ ಈಗ ಪ್ಲೈವುಡ್ಡನ್ನು ಸ್ಕ್ರೋಲ್ ಸಾದಲ್ಲಿ (ಸಪುರ ಬ್ಲೇಡು ಮೇಲೆ ಕೆಳಗೆ ಆಡುವ ಗರಗಸದ ಮೆಷಿನ್ನು) ಕೊಯ್ದು ಮಾಡಿದವೂ ತೂಗುತ್ತವೆ. ಅವುಗಳ ಬಗ್ಗೆ ಏಳುವ ತಕರಾರು ಹೆಚ್ಚಾಗಿ ಒಂದೇ: ‘ಇದು ನೆಟ್ಟಿನಿಂದ ಇಳಿಸಿದ ಡಿಸೈನು, ಸ್ವಂತದ್ದಲ್ಲ.’ ಅದಕ್ಕೆ ಸಿಗುವ ಉತ್ತರವೂ ಸಿದ್ಧ: ‘ಡಿಸೈನು ಯಾರದ್ದಾದರೇನು, ಕೊಯ್ದದ್ದು ನಾನೇ ತಾನೆ?’ ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಚಿತ್ರ ಬರೆಯುವುದು ಒಂದು ಕೆಲಸ, ಅದನ್ನು ಮರದಲ್ಲಿ ಕೊಯ್ಯುವುದು ಇನ್ನೊಂದು. ಎರಡನ್ನೂ ಒಂದೇ ಅಂಕಪಟ್ಟಿಯಲ್ಲಿ ತುರುಕಿದ್ದರಿಂದಲೇ ಈ ಜಗಳ ಮುಗಿಯುತ್ತಿಲ್ಲ.

ಬೇರೆಯವರ ಪ್ಯಾಟರ್ನ್ ಹಿಡಿದು ಕೊಯ್ಯುವುದನ್ನು ಕೀಳಾಗಿ ಕಾಣುವವರಿಗೆ ಮೊದಲು ಹೇಳಬೇಕಾದದ್ದು: ಈ ಕಸುಬು ಬೆಳೆದದ್ದೇ ಹಾಗೆ. ಇಂಗ್ಲೆಂಡಿನಲ್ಲಿ 1895ರಲ್ಲಿ ಶುರುವಾದ ‘ಹಾಬೀಸ್’ ವಾರಪತ್ರಿಕೆ ಫ್ರೆಟ್‌ವರ್ಕ್ (ಹಲಗೆಯಲ್ಲಿ ಕಿಂಡಿ ಕೊಯ್ದು ಚಿತ್ರ ಬಿಡಿಸುವ ಕೆಲಸ) ನಕ್ಷೆಗಳನ್ನು ಓದುಗರಿಗೆ ಹಂಚುತ್ತಿತ್ತು. ಓದಿದವರು ಅದನ್ನು ಹಲಗೆಗೆ ಅಂಟಿಸಿ ಕೈಗರಗಸದಲ್ಲಿ ಕೊಯ್ಯುತ್ತಿದ್ದರು. ನಮ್ಮ ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದಲ್ಲೂ ಚಿತ್ರ ಬರೆಯುವ ಕೈ ಒಂದು, ತುಂಡು ಕೊಯ್ದು ಕೂರಿಸುವ ಕೈ ಇನ್ನೊಂದು ಇರುವುದು ಹೊಸ ಸಂಗತಿಯಲ್ಲ.

ಕೊಯ್ಯುವುದರಲ್ಲಿ ಏನು ಮಹಾ ಎನ್ನುವವರು ಒಂದು ಸಾಧಾರಣ ಗೂಡುದೀಪದ ಒಂದು ಬದಿಯನ್ನು ಹತ್ತಿರದಿಂದ ನೋಡಲಿ. ಅದರಲ್ಲಿ ಅರುವತ್ತು ಕಿಂಡಿಗಳಿದ್ದರೆ ಅರುವತ್ತು ತೂತು ಕೊರೆಯಬೇಕು, ಅರುವತ್ತು ಸಲ ಬ್ಲೇಡಿನ ಮೇಲಿನ ತುದಿ ಬಿಚ್ಚಿ, ತೂತಿನೊಳಗೆ ಪೋಣಿಸಿ, ಮತ್ತೆ ಬಿಗಿಯಬೇಕು. ನಂಬರು ಹೆಚ್ಚಿದಷ್ಟು ಬ್ಲೇಡು ದಪ್ಪ. 6 ಮಿ.ಮೀ. ಪ್ಲೈಗೆ 3ನೇ ನಂಬರಿನ ಬ್ಲೇಡು ಸಾಕು. ಬಳುಕು ಗೆರೆ ಸೂಕ್ಷ್ಮವಾಗಿದ್ದರೆ 1 ಅಥವಾ 2, ಮುಕ್ಕಾಲು ಇಂಚಿನ ಹಲಸಿಗೆ 7ಕ್ಕೆ ಹೋಗದೆ ಗತಿಯಿಲ್ಲ. ತುದಿಗೆ ಪಿನ್ನಿರುವ ಬ್ಲೇಡು ಹಾಕುವ ಅಗ್ಗದ ಮೆಷಿನ್ನಿನಲ್ಲಿ ಸಣ್ಣ ಕಿಂಡಿ ಬಿಡಿಸುವುದೇ ಕಷ್ಟ, ಏಕೆಂದರೆ ಪಿನ್ನು ತೂರಬೇಕಾದರೆ ತೂತೇ ದೊಡ್ಡದಾಗಬೇಕು. ಪಿನ್ನಿಲ್ಲದ 3ನೇ ನಂಬರಿನ ಬ್ಲೇಡು ಒಂದು ಮಿ.ಮೀ. ತೂತಿನಲ್ಲಿ ಹೋಗುತ್ತದೆ. ಮೇಲಾಗಿ, ಅಚ್ಚೊತ್ತಿ ಮಾಡಿದ ಬ್ಲೇಡುಗಳ ಒಂದು ಮಗ್ಗುಲಲ್ಲಿ ಉಳಿಯುವ ಒರಟು ಅಂಚಿನಿಂದ ಕೊಯ್ತ ಬಲಕ್ಕೆ ಎಳೆಯುತ್ತದೆ. ನೇರ ಗೆರೆಗೂ ಹಲಗೆಯನ್ನು ಕೊಂಚ ಓರೆಯಾಗಿ ದೂಡಿಯೇ ಸರಿಮಾಡಿಕೊಳ್ಳಬೇಕು. ಒಂದೇ ನಕ್ಷೆಯನ್ನು ಇಬ್ಬರಿಗೆ ಕೊಟ್ಟರೆ ಕೈಚಳಕದ ವ್ಯತ್ಯಾಸ ಮೂಲೆಮೂಲೆಯಲ್ಲಿ ಕಾಣುತ್ತದೆ.

ಹಾಗಾದರೆ ತಪ್ಪು ಎಲ್ಲಿ? ಹೆಸರು ಮುಚ್ಚಿಡುವುದರಲ್ಲಿ, ಮತ್ತು ಕೇಳದೆ ಮಾರುವುದರಲ್ಲಿ. ಎರಡನೆಯದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ ಪ್ರಕಾರ ಕಾಗದದ ಮೇಲಿನ ಚಿತ್ರವನ್ನು ಘನವಸ್ತುವಾಗಿ ಮಾಡುವುದೂ ಪ್ರತಿ ಮಾಡುವುದೇ. ‘ಅವರು ಬರೆದದ್ದು ಕಾಗದದಲ್ಲಿ, ನಾನು ಮಾಡಿದ್ದು ಮರದಲ್ಲಿ’ ಎಂಬ ವಾದ ನಿಲ್ಲುವುದಿಲ್ಲ. ಹಕ್ಕು ಹುಟ್ಟಲು ನೋಂದಣಿ ಬೇಕಾಗಿಲ್ಲ. ಬರೆದವರ ಜೀವಮಾನ, ಆಮೇಲೆ 60 ವರ್ಷ ಅದು ಉಳಿಯುತ್ತದೆ. ಬರೆದವರ ಹೆಸರಿಲ್ಲದೆ ಪ್ರಕಟವಾದುದಕ್ಕೆ ಪ್ರಕಟಣೆಯಿಂದ 60 ವರ್ಷ. ನಮ್ಮ ಮನೆಯ ಗೋಡೆಗೆಂದು ಒಂದು ಕೊಯ್ದುಕೊಂಡರೆ 52ನೇ ಕಲಮಿನ ಖಾಸಗಿ ಬಳಕೆಯ ವಿನಾಯಿತಿಯ ಆಸರೆ ಇದೆ. ಅಂಗಡಿಯಲ್ಲಿಟ್ಟು ಮಾರಿದರೆ ಆ ಆಸರೆ ಹೋಯಿತು. ‘ಫ್ರೀ ಡೌನ್‌ಲೋಡ್’ ಎಂದು ಬರೆದಿದ್ದರೆ ನಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ ಎಂದಷ್ಟೇ ಅರ್ಥ. ಕೊಯ್ದದ್ದನ್ನು ಮಾರಬಹುದೋ ಇಲ್ಲವೋ ಎಂಬುದನ್ನು ಆಯಾ ನಕ್ಷೆಯ ಷರತ್ತಿನಲ್ಲೇ ಓದಬೇಕು. ಹೆಚ್ಚಿನವರು ಒಂದು ಇಮೇಲ್ ಕಳಿಸಿ ಕೇಳಿದರೆ ಒಪ್ಪುತ್ತಾರೆ. ಆ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಇನ್ನೊಂದು ನಂಬಿಕೆ ಕರಾವಳಿಯಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ಇದೆ: ನೂರಕ್ಕೆ ಇಪ್ಪತ್ತರಷ್ಟು ಬದಲಾಯಿಸಿದರೆ ಅದು ನಮ್ಮದಾಗುತ್ತದಂತೆ. ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ. ಅಂಚಿಗೆ ನಾಲ್ಕು ಮಲ್ಲಿಗೆ ಮೊಗ್ಗು ಸೇರಿಸಿದ ಮಾತ್ರಕ್ಕೆ ನಡುವಿನ ನವಿಲು ನಮ್ಮದಾಗುವುದಿಲ್ಲ. ಅದೇ ಹೊತ್ತಿಗೆ, ನವಿಲನ್ನು ಕೊಯ್ಯಬೇಕೆಂಬ ಯೋಚನೆ ಯಾರ ಆಸ್ತಿಯೂ ಅಲ್ಲ. ಯೋಚನೆಗೆ ಹಕ್ಕಿಲ್ಲ, ಅದನ್ನು ರೂಪಿಸಿದ ಬಗೆಗೆ ಹಕ್ಕು ಎಂದು ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲೇ ಹೇಳಿದೆ. ಗಣಪತಿ, ಕಡಗೋಲು ಕೃಷ್ಣ, ಹುಲಿವೇಷ ಎಲ್ಲರದ್ದು. ಒಬ್ಬ ಕಲಾವಿದರು ಎಳೆದ ಆ ಹುಲಿಯ ಗೆರೆಗಳು ಅವರದ್ದು.

ಫೋಟೊದಿಂದ ಮುಖದ ಪ್ಯಾಟರ್ನ್ ಮಾಡುವವರು ಇನ್ನೂ ಒಂದು ಹೆಜ್ಜೆ ಎಚ್ಚರದಿಂದಿರಬೇಕು. ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೊದ ಮೊದಲ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದ್ದು. ಯಕ್ಷಗಾನ ಪ್ರದರ್ಶನದಲ್ಲಿ ಹವ್ಯಾಸಿಯೊಬ್ಬರು ತಾವಾಗಿ ತೆಗೆದ ವೇಷದ ಫೋಟೊ ಆ ಹವ್ಯಾಸಿಯದ್ದು. ಮೊದಲನೆಯದಕ್ಕೆ ಮನೆಯವರ ಒಪ್ಪಿಗೆ ಸಾಕು, ಎರಡನೆಯದಕ್ಕೆ ಫೋಟೊ ತೆಗೆದವರನ್ನು ಕೇಳಬೇಕು. ಸ್ವಂತ ಡಿಸೈನನ್ನು ರಾಶಿಗಟ್ಟಲೆ ಮಾಡಿ ಮಾರುವ ಯೋಚನೆ ಇರುವವರಿಗೂ ಒಂದು ಮಾತು: ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಅದರ ಕೃತಿಸ್ವಾಮ್ಯ ಅಲ್ಲಿಗೇ ಮುಗಿಯುತ್ತದೆ ಎನ್ನುತ್ತದೆ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಂ. ನೋಂದಾಯಿಸಿದರೆ 10 ವರ್ಷ, ಮತ್ತೆ 5 ವರ್ಷ ರಕ್ಷಣೆ. ಲೇಸರ್ ಕಟಿಂಗ್‌ಗೆ ಕೊಡುವ ಮುನ್ನವೇ ವಕೀಲರನ್ನು ಕಾಣುವುದು ಒಳ್ಳೆಯದು.

ಕಾನೂನು ಬದಿಗಿರಲಿ. ಕಣ್ಣುಮುಚ್ಚಿ ನಕಲು ಮಾಡಿದ ಪ್ಯಾಟರ್ನ್ ನಮ್ಮಲ್ಲಿ ಕೆಲಸಕ್ಕೇ ಬರುವುದಿಲ್ಲ ಎನ್ನುವುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಗೂಡುದೀಪದಲ್ಲೇ ನೋಡಿ. ನೆಟ್ಟಿನಲ್ಲಿ ಸಿಗುವ ಮುಖಚಿತ್ರದ ಪ್ಯಾಟರ್ನ್‌ಗಳಲ್ಲಿ ಹೆಚ್ಚಿನವು ಗೋಡೆಗೆ ತೂಗುಹಾಕಲು ಮಾಡಿದವು. ಕೂದಲು, ಹುಬ್ಬು, ಕಣ್ಣುಗುಡ್ಡೆಯಂಥ ಕಪ್ಪು ಭಾಗವನ್ನು ಕೊಯ್ದು ತೆಗೆದು, ಹಿಂದಿನಿಂದ ಕಪ್ಪು ಹಲಗೆ ಕೂರಿಸುವ ಲೆಕ್ಕ ಅದು. ಅದನ್ನೇ ತಂದು ಗೂಡುದೀಪಕ್ಕೆ ಹಾಕಿ ಒಳಗೆ ದೀಪ ಹಚ್ಚಿದರೆ ಕಪ್ಪಾಗಬೇಕಾದ ಕೂದಲು ಬೆಳಗುತ್ತದೆ, ಬೆಳ್ಳಗಿರಬೇಕಾದ ಹಣೆ ಕತ್ತಲಾಗುತ್ತದೆ. ಹಳೆಯ ಫಿಲ್ಮಿನ ನೆಗೆಟಿವ್ ನೋಡಿದ ಹಾಗೆ. ಹಗಲು ಚೆಂದ ಕಂಡದ್ದು ರಾತ್ರಿ ಗುರುತೇ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಕಪ್ಪು ಬಿಳುಪನ್ನು ತಿರುಗಿಸಿದರೆ ಮುಗಿಯಿತೆಂದುಕೊಳ್ಳಬೇಡಿ. ಮೊದಲು ಮರವಾಗಿದ್ದದ್ದು ಈಗ ಕಿಂಡಿ, ಕಿಂಡಿಯಾಗಿದ್ದದ್ದು ಮರ. ಆದ್ದರಿಂದ ತುಂಡುಗಳನ್ನು ಹಿಡಿದಿಡುವ ಸೇತುವೆಗಳನ್ನೆಲ್ಲ ಹೊಸದಾಗಿ ಬರೆಯಬೇಕು. ಅಲ್ಲಿಗೆ ಅರ್ಧ ಪ್ಯಾಟರ್ನ್ ನಾವೇ ಬರೆದಂತಾಯಿತು.

ಎರಡನೆಯದು ಅಳತೆ. ಅಮೆರಿಕದವರು ಕಾಲು ಇಂಚಿನ ಹಲಗೆಗೆಂದು ಬರೆದ ನಕ್ಷೆಯಲ್ಲಿ ಒಂದಕ್ಕೊಂದು ಸಿಕ್ಕಿಸುವ ಗಾಡಿ, ಅಂದರೆ ಸೀಳು, 6.35 ಮಿ.ಮೀ. ಅಗಲ ಇರುತ್ತದೆ. ಅವರ ಲೆಟರ್ ಅಳತೆಯ ಹಾಳೆಯನ್ನು ನಮ್ಮ ಎ4ಗೆ ‘ಫಿಟ್ ಟು ಪೇಜ್’ ಎಂದು ಪ್ರಿಂಟ್ ಕೊಟ್ಟರೆ ನೂರಕ್ಕೆ ಸುಮಾರು ಮೂರರಷ್ಟು ಕುಗ್ಗಿ ಗಾಡಿ 6.16 ಆಗುತ್ತದೆ. ಅದು ಹೇಗೋ ನಡೆದೀತು. ಗೂಡುದೀಪ ದೊಡ್ಡದಾಗಲೆಂದು ಜೆರಾಕ್ಸಿನಲ್ಲಿ ನೂರನ್ನು 125ಕ್ಕೆ ಹಿಗ್ಗಿಸಿದರೆ ಗಾಡಿ ಎಂಟು ಮಿ.ಮೀ. ಹತ್ತಿರ ಹೋಗುತ್ತದೆ, ಪ್ಲೈ ಮಾತ್ರ ಅದೇ ಆರರದ್ದು. ಎರಡು ಮಿ.ಮೀ. ಸಂದಿನಲ್ಲಿ ಜೋಡಣೆ ಲಟಲಟ ಎನ್ನುತ್ತದೆ. ಚಿತ್ರವನ್ನು ಹಿಗ್ಗಿಸಿ, ಗಾಡಿಗಳನ್ನು ಮಾತ್ರ ಕೈಯಲ್ಲಿರುವ ಪ್ಲೈಯನ್ನು ವರ್ನಿಯರ್‌ನಲ್ಲಿ ಅಳೆದು ಬೇರೆಯಾಗಿ ಗೆರೆ ಹಾಕಬೇಕು. 6 ಎಂದು ಬರೆದ ಪ್ಲೈ ಎಲ್ಲ ಕಡೆ ಸರಿಯಾಗಿ ಆರೇ ಇರುತ್ತದೆಂದು ನಂಬಬಾರದು.

ಮೂರನೆಯದು ನಮ್ಮ ಹವೆ. ಒಣ ಹವೆಯ ದೇಶದಲ್ಲಿ, ಒಳಪದರದಲ್ಲಿ ಪೊಳ್ಳಿಲ್ಲದ ಬರ್ಚ್ ಪ್ಲೈಗೆಂದು ಬರೆದ ನಕ್ಷೆಯಲ್ಲಿ ಸೇತುವೆಗಳು ಒಂದೂವರೆ ಮಿ.ಮೀ. ಇದ್ದರೂ ನಿಲ್ಲುತ್ತವೆ. ನಮ್ಮ ಅಗ್ಗದ ಪ್ಲೈಯಲ್ಲಿ ಸೇತುವೆ ಸರಿಯಾಗಿ ಪೊಳ್ಳಿನ ಮೇಲೆ ಬಿದ್ದರೆ ಕೊಯ್ಯುವಾಗಲೇ ಕಿತ್ತುಬರುತ್ತದೆ. ದೀಪಾವಳಿಯ ಹೊತ್ತಿನ ಸಂಜೆ ಮಳೆಗೆ ಹೊರಗೆ ತೂಗಿದ ಎಂಆರ್ ದರ್ಜೆಯ (ತೇವ ತಡೆಯುವ ಸಾಧಾರಣ) ಪ್ಲೈ ಅಂಚಿನಿಂದ ನೀರು ಕುಡಿದು ಪದರ ಬಿಡುತ್ತದೆ. ಗೂಡುದೀಪಕ್ಕೆ ಐಎಸ್ 710 ಗುರುತಿನ ಮರೈನ್ ಪ್ಲೈ (ನೀರು ತಾಳುವಂಥದ್ದು) ತರಬೇಕು, 6 ಮಿ.ಮೀ. ಹಲಗೆಯಲ್ಲಿ ಯಾವ ಸೇತುವೆಯೂ ಮೂರಕ್ಕಿಂತ ಸಣ್ಣದಾಗದಂತೆ ನಕ್ಷೆ ತಿದ್ದಬೇಕು, ಕೊಯ್ದ ಒಳಅಂಚುಗಳಿಗೂ ಬ್ರಷ್ ತೂರಿಸಿ ವಾರ್ನಿಷ್ ಹಚ್ಚಬೇಕು. ಪ್ಲೈ ಅಲ್ಲದ ಇಡೀ ಮರವಾದರೆ ಎಳೆಗೆ ಅಡ್ಡವಾಗಿ ಬರುವ ಸೇತುವೆಗೆ ಐದು ಮಿ.ಮೀ. ಕೊಟ್ಟರೂ ಹೆಚ್ಚಾಗಲಿಲ್ಲ. ತೇಗದ ಚೆಲುವಿಗೆ ಮರುಳಾಗುವವರಿಗೆ ಒಂದು ಎಚ್ಚರಿಕೆ: ಅದರೊಳಗಿನ ಸಿಲಿಕಾ ಬ್ಲೇಡಿನ ಹಲ್ಲನ್ನು ಬೇಗ ತಿನ್ನುತ್ತದೆ.

ಆಮೇಲೆ ಚಿತ್ರದೊಳಗಿನ ತಪ್ಪುಗಳು. ‘ಯಕ್ಷಗಾನದ ಮುಖ’ ಎಂದು ಮಾರಾಟಕ್ಕಿಡುವ ಕೆಲವು ಫಲಕಗಳಲ್ಲಿ ಗಲ್ಲದ ಸುತ್ತ ಅರ್ಧಚಂದ್ರಾಕಾರದ ಬಿಳಿ ಕಟ್ಟು ಕಾಣುತ್ತದೆ. ಅದು ಚುಟ್ಟಿ, ಅಂದರೆ ಆ ಮುಖ ಕಥಕಳಿಯದ್ದು. ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಮುಖದ ಮೇಲೆ ಚಿಟ್ಟಿ (ಅಕ್ಕಿಹಿಟ್ಟಿನ ಉಬ್ಬು ಚುಕ್ಕೆಗಳು) ಇಡುತ್ತಾರೆ, ಅದು ಬೇರೆಯೇ ಕೆಲಸ. ದೂರದ ಯಾರೋ ‘ದಕ್ಷಿಣ ಭಾರತದ ನರ್ತಕ’ ಎಂದು ಬರೆದ ನಕ್ಷೆಯನ್ನು ಇಳಿಸಿ, ಕೆಳಗೆ ಯಕ್ಷಗಾನ ಎಂದು ಕನ್ನಡದಲ್ಲಿ ಕೊಯ್ದರೆ ಆಗುವುದು ಹೀಗೆಯೇ. ಬಡಗಿನ ಮುಂಡಾಸಿಗೂ ತೆಂಕಿನ ಕಿರೀಟಕ್ಕೂ ವ್ಯತ್ಯಾಸ ಗೊತ್ತಿರುವ ಊರಿನಲ್ಲಿ ಇದು ಒಪ್ಪುವ ಮಾತಲ್ಲ.

ಉಡುಪಿ ಕೃಷ್ಣನದ್ದೂ ಅದೇ ಪಾಡು. ಕೊಳಲೂದುವ ಕೃಷ್ಣನ ಪ್ಯಾಟರ್ನ್ ಸುಲಭವಾಗಿ ಸಿಗುತ್ತದೆ, ಅದನ್ನು ಕೊಯ್ದು ‘ಉಡುಪಿ ಕೃಷ್ಣ’ ಎನ್ನುತ್ತಾರೆ. ಉಡುಪಿಯ ಕೃಷ್ಣನ ಬಲಗೈಯಲ್ಲಿರುವುದು ಕಡಗೋಲು, ಎಡಗೈಯಲ್ಲಿ ಹಗ್ಗ. ಅದನ್ನು ತಿಳಿದು ಬರೆದವರ ಕೆಲಸದಲ್ಲೂ ಕೆಲವೊಮ್ಮೆ ಕಡಗೋಲು ಎಡಗೈಗೆ ಹೋಗಿರುತ್ತದೆ. ಕಾರಣ ಇಷ್ಟೇ: ಮುಂಬದಿಗೆ ಅಂಟು ತಾಗಬಾರದೆಂದು ನಕ್ಷೆಯನ್ನು ಹಿಂಬದಿಗೆ ಅಂಟಿಸಿ ಕೊಯ್ದಿರುತ್ತಾರೆ, ಅಥವಾ ಜೆರಾಕ್ಸ್ ಪ್ರತಿಯನ್ನು ಬೋರಲು ಹಾಕಿ ಇಸ್ತ್ರಿಪೆಟ್ಟಿಗೆಯಿಂದ ಮರಕ್ಕೆ ಇಳಿಸಿರುತ್ತಾರೆ. ಎರಡರಲ್ಲೂ ಚಿತ್ರ ಕನ್ನಡಿಯಂತೆ ತಿರುಗುತ್ತದೆ. ಹಿಂಬದಿಗೆ ಅಂಟಿಸಿದರೆ ಇನ್ನೊಂದು ನಷ್ಟವೂ ಇದೆ. ಬ್ಲೇಡು ಕೆಳಮುಖವಾಗಿ ಕೊಯ್ಯುವಾಗ ಸಿಬಿರು ಏಳುವುದು ಹಲಗೆಯ ಅಡಿಯಲ್ಲಿ. ಹಿಂಬದಿ ಮೇಲಿದ್ದರೆ ಸಿಬಿರೆಲ್ಲ ಮುಂಬದಿಗೆ. ಮರದ ಮೇಲೆ ಮೊದಲು ಮಾಸ್ಕಿಂಗ್ ಟೇಪು, ಅದರ ಮೇಲೆ ಅಂಟುಕಡ್ಡಿಯಿಂದ ನಕ್ಷೆ, ಎಲ್ಲಕ್ಕೂ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪು. ಹೀಗೆ ಮಾಡಿದರೆ ಮುಂಬದಿಗೆ ಅಂಟು ಮೆತ್ತುವುದಿಲ್ಲ, ಗಟ್ಟಿ ಮರ ಸುಟ್ಟು ಕಪ್ಪಾಗುವುದೂ ಕಡಿಮೆಯಾಗುತ್ತದೆ. ಮಳೆಗಾಲದ ತೇವದಲ್ಲಿ ಕಾಗದ ಏಳುತ್ತದೆಂಬ ದೂರಿಗೂ ಇದೇ ಮದ್ದು. ಅಡಿಯ ಸಿಬಿರಿಗೆ, ಕೆಳತುದಿಯ ಕೆಲವು ಹಲ್ಲು ಮೇಲ್ಮುಖವಾಗಿರುವ ರಿವರ್ಸ್ ಟೂತ್ ಬ್ಲೇಡು ಕೊಳ್ಳಬೇಕು.

ಸ್ವಂತ ಪ್ಯಾಟರ್ನ್ ಮಾಡಲು ಚಿತ್ರಕಲಾವಿದರೇ ಆಗಬೇಕೆಂದಿಲ್ಲ. ಒಂದು ಬದಿಯಿಂದ ಬೆಳಕು ಬೀಳುವಾಗ ನಾವೇ ತೆಗೆದ ಫೋಟೊ ಇರಲಿ. ಅದನ್ನು ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಕಪ್ಪು ಬಿಳುಪು ಮಾಡಿ, ನಡುವಿನ ಬೂದು ಛಾಯೆಯೆಲ್ಲ ಹೋಗಿ ಬರೇ ಕಪ್ಪು, ಬರೇ ಬಿಳಿ ಉಳಿಯುವವರೆಗೆ ಥ್ರೆಶೋಲ್ಡ್ ಸರಿಸಬೇಕು. ಇಂಕ್‌ಸ್ಕೇಪ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಟ್ರೇಸ್ ಮಾಡಿದರೆ ಗೆರೆಯಾಗಿ ಸಿಗುತ್ತದೆ. ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು, ಅದಕ್ಕೇ ಮುಖಗಳು ಹುಳ ತಿಂದ ಎಲೆಯಂತೆ ಕಾಣುವುದು. ನಿಜವಾದ ಕೆಲಸ ಆಮೇಲಿನದ್ದು: ಪ್ರಿಂಟ್ ತೆಗೆದು, ಎರಡು ಮಿ.ಮೀ.ಗಿಂತ ಸಣ್ಣ ಚುಕ್ಕೆಗಳನ್ನು ಅಳಿಸಿ, ಒಡೆದ ಗೆರೆಗಳನ್ನು ಪೆನ್ಸಿಲಿನಲ್ಲಿ ಕೂಡಿಸುವುದು. ಬಳಿಕ ಚೌಕಟ್ಟಿನ ಅಂಚಿನಲ್ಲಿ ಪೆನ್ಸಿಲ್ ಇಟ್ಟು, ಕಿಂಡಿಗಳನ್ನು ದಾಟದೆ, ಮರವಾಗಿ ಉಳಿಯಬೇಕಾದ ಪ್ರತಿ ಭಾಗಕ್ಕೂ ಹೋಗಿ ಬರಲಾಗುತ್ತದೆಯೇ ನೋಡಿ. ಎಲ್ಲಿ ದಾರಿ ಇಲ್ಲವೋ ಆ ತುಂಡು ಕೊಯ್ದ ಕೂಡಲೇ ಕೆಳಗೆ ಬೀಳುತ್ತದೆ. ಕಣ್ಣಿನ ಬಿಳಿ, ಹಲ್ಲು, ಕನ್ನಡದ ‘ಠ’, ‘ರ’ದಂಥ ಅಕ್ಷರಗಳ ಹೊಟ್ಟೆ ಸಾಮಾನ್ಯವಾಗಿ ಬೀಳುವ ಜಾಗಗಳು. ಸೇತುವೆ ಕಟ್ಟುವಾಗ ಅದು ಎದ್ದುಕಾಣದಂತೆ ರೆಪ್ಪೆಯ ಕೊನೆಯಲ್ಲೋ ಮೂಗುತಿಯ ಮಗ್ಗುಲಲ್ಲೋ ಅಡಗಿಸುವುದರಲ್ಲೇ ಜಾಣತನ. ಸ್ವಂತಿಕೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಸೇತುವೆಗಳನ್ನು. ಕೊಯ್ಯುವಾಗ ನಡುವಿನ ಸಣ್ಣ ಕಿಂಡಿಗಳು ಮೊದಲು, ಅಂಚಿನ ದೊಡ್ಡವು ಆಮೇಲೆ, ಹೊರಗಿನ ಗೆರೆ ಕೊನೆಗೆ. ತಿರುಗುಮುರುಗು ಮಾಡಿದರೆ ಹಲಗೆ ಬಳುಕಿ, ಸೇತುವೆ ಮುರಿಯುತ್ತದೆ.

ಮಾದರಿಗಳಿಗೆ ಬರವೂ ಇಲ್ಲ. ಹಳೆಯ ಹಂಚಿನ ಮನೆಗಳ ಬಾಗಿಲ ಮೇಲಿನ ಗಾಳಿಕಿಂಡಿಯಲ್ಲಿ, ಮಾಡಿನ ಅಂಚಿನ ಹಲಗೆಯಲ್ಲಿ ಕೈಗರಗಸದಿಂದ ಕೊಯ್ದ ಬಳ್ಳಿಗಳಿವೆ. ಮನೆಯವರನ್ನು ಕೇಳಿ ಎದುರಿನಿಂದ ನೇರವಾಗಿ ಒಂದು ಫೋಟೊ ತೆಗೆದು, ಮರುಕಳಿಸುವ ಒಂದು ತುಂಡಿನ ಉದ್ದಗಲ ಅಳೆದುಕೊಂಡರೆ ಉಳಿದದ್ದನ್ನು ಕಾಗದದ ಮೇಲೆ ಬೆಳೆಸಬಹುದು. ಮನೆ ದುರಸ್ತಿಯ ಹೆಸರಿನಲ್ಲಿ ಅವೆಲ್ಲ ಸೌದೆಯಾಗುವ ಮೊದಲು ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ದೊಡ್ಡ ಉಪಕಾರ. ಫಲಕದ ಹಿಂದೆ ಆ ಮನೆಯ ಊರನ್ನು ಬರೆಯಲು ಮರೆಯಬಾರದು.

ಸ್ಪರ್ಧೆ ನಡೆಸುವವರಲ್ಲಿ ಕೋರಿಕೆ ಎರಡು. ಅರ್ಜಿಯಲ್ಲಿ ‘ನಕ್ಷೆ ಯಾರದು, ಎಲ್ಲಿಂದ ಪಡೆದದ್ದು, ನೀವು ಮಾಡಿದ ಬದಲಾವಣೆ ಏನು’ ಎಂದು ಒಂದು ಸಾಲು ಇರಲಿ. ಅದನ್ನು ತುಂಬಿದವರಿಗೆ ಒಂದು ಅಂಕವೂ ಕಡಿಮೆಯಾಗಬಾರದು, ಇಲ್ಲವಾದರೆ ಮುಂದಿನ ವರ್ಷ ಎಲ್ಲರೂ ‘ಸ್ವಂತ’ ಎಂದೇ ಬರೆಯುತ್ತಾರೆ. ಅಂಕಗಳನ್ನು ನಕ್ಷೆಗೆ ಬೇರೆ, ಕೊಯ್ತಕ್ಕೆ ಬೇರೆ ಕೊಡಲಿ. ಬೇರೆಯವರ ನಕ್ಷೆ ಹಿಡಿದವರು ಕೊಯ್ತದ ಅಂಕಕ್ಕೆ ಹೋರಾಡಲಿ.

ಕೊಯ್ತವನ್ನು ತೂಗುವವರಿಗೆ ಗುರುತುಗಳು ಬೇಕಾದಷ್ಟಿವೆ. ಫಲಕವನ್ನು ಮಗುಚಿ ಅಡಿಯ ಸಿಬಿರು ನೋಡಿ. ಕಿಂಡಿಯ ಒಳಗೋಡೆ ನೆಟ್ಟಗಿದೆಯೇ ಓರೆಯಾಗಿದೆಯೇ ನೋಡಿ, ಓರೆಯಾಗಿದ್ದರೆ ಮೆಷಿನ್ನಿನ ಮೇಜು ಲಂಬಕ್ಕೆ ಹೊಂದಿಸಿರಲಿಲ್ಲ, ಇಲ್ಲವೇ ಬ್ಲೇಡಿನ ಬಿಗಿ ಸಾಲದೆ ಅದು ಬಾಗಿತ್ತು. ಸ್ಕ್ರೋಲ್ ಸಾದಲ್ಲಿ ಕೊಯ್ದ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ನವುರಾದ ಗೀರುಗಳಿರುತ್ತವೆ, ಬ್ಲೇಡು ಒಳಹೊಕ್ಕ ತೂತಿನ ಸುಳಿವು ಎಲ್ಲಾದರೊಂದು ಕಡೆ ಸಿಗುತ್ತದೆ. ಅಂಚು ಎಲ್ಲ ಕಡೆ ಒಂದೇ ಸಮ ಕಂದಾಗಿ ಸುಟ್ಟಿದ್ದರೆ ಅದು ಲೇಸರಿನದ್ದು. ಒಳಮೂಲೆಗಳೆಲ್ಲ ಒಂದೇ ಅಳತೆಗೆ ದುಂಡಗಿದ್ದರೆ ಸಿಎನ್‌ಸಿ ರೌಟರಿನದ್ದು (ಕಂಪ್ಯೂಟರ್ ನಡೆಸುವ ಕೊರೆಯುವ ಮೆಷಿನ್ನು), ಏಕೆಂದರೆ ತಿರುಗುವ ಕೊರೆಮೊನೆ ತನ್ನ ದಪ್ಪಕ್ಕಿಂತ ಚೂಪಾದ ಮೂಲೆಯನ್ನು ಬಿಡಿಸಲಾರದು. ಇಂಥ ಮೆಷಿನ್ನಿನಿಂದ ಮಾಡಿದ್ದು ಕೀಳು ಎಂದಲ್ಲ, ಹಲಗೆಯನ್ನು ಕೈಯಲ್ಲೇ ನಡೆಸಿ ಕೊಯ್ದದ್ದರ ಸಾಲಿನಲ್ಲಿ ಅದನ್ನು ಕೂರಿಸಬಾರದು ಅಷ್ಟೆ. ಅದಕ್ಕೊಂದು ಬೇರೆ ವಿಭಾಗ ಸಾಕು.

ಬಹುಮಾನ ಪಡೆದವರ ಚಿತ್ರ ಅಚ್ಚಾಗುವಾಗ ಅಡಿಬರಹದಲ್ಲಿ ‘ನಕ್ಷೆ: ಇಂಥವರು, ಕೊಯ್ತ: ಇಂಥವರು’ ಎಂದು ಎರಡೂ ಹೆಸರು ಹಾಕುವ ರೂಢಿಯನ್ನು ನಿಮ್ಮ ಪತ್ರಿಕೆಯೇ ಈ ದೀಪಾವಳಿಯಿಂದ ಶುರುಮಾಡಬಹುದು. ಸಂಘಟಕರು ಅರ್ಜಿ ನಮೂನೆಗಳನ್ನು ಮುದ್ರಣಕ್ಕೆ ಕೊಡುವ ಮುನ್ನ ಈ ಪತ್ರ ಪ್ರಕಟವಾದರೆ ಅನುಕೂಲ.

ಇತಿ,
ಒಬ್ಬ ಮರಗೆಲಸದ ಹವ್ಯಾಸಿ,
ಉಡುಪಿ